ಸಾಂಗೋಲೆಯ ಕೆಂಬಾವುಟ: ಒಂದು ನಿವೃತ್ತಿ ಮತ್ತು ಪಕ್ಷದ ಕಾರ್ಯಕರ್ತರು

ಸೊಲ್ಲಾಪುರ ಜಿಲ್ಲೆಯ ಸಾಂಗೋಲೆ ಕ್ಷೇತ್ರದಿಂದ ಮಹಾರಾಷ್ಟ್ರ ವಿಧಾನಸಭೆಗೆ 11 ಬಾರಿ ಆಯ್ಕೆಯಾಗಿದ್ದ ಗಣಪತರಾವ್ ದೇಶಮುಖರು 2019ರ ಚುನಾವಣೆಗೆ ತಾವು ನಿಲ್ಲುವುದಿಲ್ಲವೆಂದು ತಿಳಿಸಿದಾಗ ಅವರ ವಯಸ್ಸು 93ರ ಆಸುಪಾಸಿನಲ್ಲಿತ್ತು. ಆ ವಯಸ್ಸಿನ ಶಾಸಕರೊಬ್ಬರು ವಿಶ್ರಾಂತಿ ಬಯಸಿದ್ದರಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ. ಆದರೆ ಆ ನಿರ್ಧಾರಕ್ಕೆ ಅವರ ಪಕ್ಷದ ತಳಮಟ್ಟದ ಕಾರ್ಯಕರ್ತರು, ಅಂದರೆ ಹಳ್ಳಿ ಹಳ್ಳಿಗಳಲ್ಲಿ ಕೆಂಪು ಬಾವುಟವನ್ನು ಎರಡು ಮೂರು ತಲೆಮಾರುಗಳಿಂದ ಹೊತ್ತುಕೊಂಡು ಬಂದ ರೈತರೂ ಕುರಿಗಾರರೂ ಕೂಲಿಕಾರರೂ, ತೋರಿದ ಪ್ರತಿಕ್ರಿಯೆ ಪಕ್ಷದ ಚರಿತ್ರೆಯನ್ನು ಬರೆಯುವವರು ನಿಂತು ನೋಡಬೇಕಾದ ಸಂಗತಿಯಾಗಿದೆ. ಮೊದಲು ಅವರು ಆ ನಿರ್ಧಾರವನ್ನೇ ಒಪ್ಪದೆ, ಸಭೆಗಳಲ್ಲಿ ಕಣ್ಣೀರಿಟ್ಟು, ಇನ್ನೊಂದು ಅವಧಿಗೆ ನಿಲ್ಲಬೇಕೆಂದು ಪಟ್ಟು ಹಿಡಿದರು. ಅದು ಆಗದ ಮಾತೆಂದು ಖಚಿತವಾದ ಮೇಲೆ ಪಕ್ಷ ಮುಂದಿಟ್ಟ ಉತ್ತರಾಧಿಕಾರಿಯ ಹೆಸರನ್ನು ತಳ್ಳಿಹಾಕಿದರು. ಕೊನೆಗೆ ಹಿರಿಯರ ಮೊಮ್ಮಗನೇ ಅಭ್ಯರ್ಥಿಯಾಗುವಂತೆ ನೋಡಿಕೊಂಡರು. ಕೆಲವೇ ವಾರಗಳಲ್ಲಿ ನಡೆದುಹೋದ ಈ ಬೆಳವಣಿಗೆಗಳ ಬೇರುಗಳು ಎಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತವೆ.

ಆ ಪಕ್ಷದ ಹೆಸರು ಶೇತಕರಿ ಕಾಮಗಾರ ಪಕ್ಷ, ಕನ್ನಡದಲ್ಲಿ ಹೇಳುವುದಾದರೆ ರೈತ ಕಾರ್ಮಿಕ ಪಕ್ಷ. ಮರಾಠಿ ಜನರ ಬಾಯಲ್ಲಿ ಅದು ಮೂರಕ್ಷರದ ‘ಶೇಕಾಪ’. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರಲ್ಲಿ, ಬ್ರಾಹ್ಮಣೇತರ ಚಳವಳಿಯ ಹಿನ್ನೆಲೆಯಿಂದ ಬಂದಿದ್ದ ಕೇಶವರಾವ್ ಜೇಧೆ, ಶಂಕರರಾವ್ ಮೋರೆ ಮೊದಲಾದವರು ಕಾಂಗ್ರೆಸ್ಸಿನೊಳಗೇ ಒಂದು ಗುಂಪಾಗಿ ಸೇರಿ ಕಟ್ಟಿದ ಈ ಸಂಘಟನೆ 1948ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟು ಸ್ವತಂತ್ರ ಪಕ್ಷವಾಯಿತು. 1950ರಲ್ಲಿ ನಾಸಿಕ್ ಜಿಲ್ಲೆಯ ದಾಭಾಡಿ ಎಂಬಲ್ಲಿ ಅಂಗೀಕರಿಸಿದ ದಸ್ತಾವೇಜಿನ ಮೂಲಕ ಅದು ಮಾರ್ಕ್ಸ್‌ವಾದವನ್ನು ತನ್ನ ತಾತ್ವಿಕ ನೆಲೆಯೆಂದು ಸಾರಿತಾದರೂ ರಷ್ಯಾಕ್ಕಾಗಲಿ ಚೀನಾಕ್ಕಾಗಲಿ ನಿಷ್ಠೆ ತೋರದೆ, ಮಹಾರಾಷ್ಟ್ರದ ಒಕ್ಕಲುತನದ ಬದುಕಿನಲ್ಲಿಯೇ ಬೇರೂರಿದ ಎಡಪಂಥವೊಂದನ್ನು ಕಟ್ಟಲು ಹೊರಟಿತು. ಸ್ಥಾಪಕರಾದ ಜೇಧೆ ಮತ್ತು ಮೋರೆ 1954ರಲ್ಲಿ ಕಾಂಗ್ರೆಸ್ಸಿಗೆ ಮರಳಿದರು. ಪಕ್ಷ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮುಂಚೂಣಿಯಲ್ಲಿದ್ದು, ಹೊಸ ರಾಜ್ಯದ 1962ರ ಮೊದಲ ವಿಧಾನಸಭಾ ಚುನಾವಣೆಯಲ್ಲಿ 15 ಸ್ಥಾನಗಳನ್ನೂ 1967ರಲ್ಲಿ 19 ಸ್ಥಾನಗಳನ್ನೂ ಪಡೆದು ಪ್ರಮುಖ ವಿರೋಧ ಪಕ್ಷವಾಗಿ ನಿಂತಿತು. ಕನ್ನಡ ಓದುಗರು ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಬೆಳಗಾವಿಯ ಗಡಿ ವಿವಾದದಲ್ಲಿ ಈ ಪಕ್ಷ ಮೊದಲಿನಿಂದಲೂ ಕರ್ನಾಟಕದ ನಿಲುವಿಗೆ ಎದುರಾಗಿಯೇ ನಿಂತಿತ್ತು, ಅದರ ಹಿರಿಯ ನಾಯಕ ಎನ್.ಡಿ. ಪಾಟೀಲರು ಮಹಾರಾಷ್ಟ್ರದ ಪರವಾದ ಹೋರಾಟದ ಮುಂದಾಳಾಗಿದ್ದರು. ಗಡಿಯ ಪ್ರಶ್ನೆಯಲ್ಲಿ ಆ ಪಕ್ಷವನ್ನು ಒಪ್ಪದವರೂ ನೀರು ಮತ್ತು ಕೂಲಿಯ ಪ್ರಶ್ನೆಗಳಲ್ಲಿ ಅದು ಮಾಡಿದ ಕೆಲಸವನ್ನು ಗೌರವದಿಂದ ನೋಡಬೇಕಾಗುತ್ತದೆ.

ಸಾಂಗೋಲೆ ಇರುವುದು ಮಾಣದೇಶದಲ್ಲಿ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಹುಟ್ಟಿ ಭೀಮೆಯನ್ನು ಸೇರುವ ಮಾಣ ನದಿಯ ಎರಡೂ ಬದಿಯ ಒಣನಾಡಿಗೆ ಆ ಹೆಸರು ಬಂದಿದೆ. ಸಾತಾರಾ, ಸಾಂಗ್ಲಿ, ಸೊಲ್ಲಾಪುರ ಜಿಲ್ಲೆಗಳ ತುಂಡುಗಳು ಅದರಲ್ಲಿ ಸೇರಿವೆ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸಿನದು, ಅದೂ ನಂಬಿಕೆಗೆ ಅರ್ಹವಲ್ಲದ್ದು. ಕಲ್ಲು ಗರಸಿನ ತೆಳುವಾದ ಭೂಮಿ, ಜೋಳ ಸಜ್ಜೆಯ ಬೆಳೆ, ಕುರಿ ಮತ್ತು ಖಿಲಾರಿ ಎತ್ತು, ಇವಿಷ್ಟೇ ಬಹುಕಾಲ ಇಲ್ಲಿನ ಸಂಪತ್ತಾಗಿತ್ತು. ಕರ್ನಾಟಕಕ್ಕೆ ಈ ನಾಡು ಹೊರಗಿನದೇನಲ್ಲ: ಪಕ್ಕದ ಮಂಗಳವೇಢೆ ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿದ್ದರೆಂದು ಪರಂಪರೆ ಹೇಳುವ ಊರು, ಅದೇ ತಾಲ್ಲೂಕಿನ ಹುಲಜಂತಿಯ ಮಾಳಿಂಗರಾಯನ ದೀಪಾವಳಿ ಜಾತ್ರೆಗೆ ವಿಜಯಪುರ, ಕಲಬುರಗಿಗಳ ಕಡೆಯ ಹಾಲುಮತದವರೂ ಮರಾಠಿ ಮಾತಾಡುವ ಧನಗರರೂ ಒಂದೇ ಭಂಡಾರ ಹಚ್ಚಿಕೊಂಡು ಸೇರುತ್ತಾರೆ. ಗಣಪತರಾವ್ ದೇಶಮುಖರು ಈ ಧನಗರ, ಅಂದರೆ ಕುರಿಗಾರ, ಸಮುದಾಯದಲ್ಲಿ 1926ರ ಆಗಸ್ಟ್ 10ರಂದು ಹುಟ್ಟಿದವರು. ಕಾನೂನು ಓದಿ ವಕೀಲರಾದ ಅವರು ಸಾಂಗೋಲೆಯನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡು, 1962ರಲ್ಲಿ 35ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದರು. ಜನ ಅವರನ್ನು ‘ಆಬಾಸಾಹೇಬ’ ಎಂದೋ, ಇನ್ನೂ ಹತ್ತಿರದವರು ಬರಿದೆ ‘ಆಬಾ’ ಎಂದೋ ಕರೆದರು.

ಅವರ ಚುನಾವಣೆಗಳ ಪಟ್ಟಿಯನ್ನು ಗಮನಿಸಿದರೆ ಒಂದು ವಿಶೇಷ ಕಾಣುತ್ತದೆ. 1962, 1967, 1974ರ ಉಪಚುನಾವಣೆ, 1978, 1980, 1985, 1990, 1999, 2004, 2009 ಮತ್ತು 2014ರಲ್ಲಿ ಗೆಲುವು. 1972 ಮತ್ತು 1995ರಲ್ಲಿ ಸೋಲು. ಕರ್ನಾಟಕದಲ್ಲಿ 1972ರಿಂದ 2008ರವರೆಗೆ ಸತತ ಒಂಬತ್ತು ವಿಧಾನಸಭಾ ಚುನಾವಣೆಗಳನ್ನು ಗೆದ್ದ ಮಲ್ಲಿಕಾರ್ಜುನ ಖರ್ಗೆಯವರನ್ನೂ, ಕೇರಳದ ಪಾಲಾ ಕ್ಷೇತ್ರದಿಂದ 13 ಬಾರಿ ಆಯ್ಕೆಯಾದ ಕೆ.ಎಂ. ಮಾಣಿಯವರನ್ನೂ ನೆನೆದರೆ, ದೀರ್ಘಕಾಲದ ಶಾಸಕತ್ವ ಎಂಬುದು ಸಾಂಗೋಲೆಗಷ್ಟೇ ಮೀಸಲಾದ ಸಂಗತಿಯಲ್ಲ ಎಂಬುದು ಸ್ಪಷ್ಟ. ಆದರೆ ಆ ಇಬ್ಬರ ಹಿಂದೆ ಅಧಿಕಾರದ ರುಚಿ ಕಂಡ, ಮತ್ತೆ ಮತ್ತೆ ಸರ್ಕಾರ ರಚಿಸಿದ ಪಕ್ಷಗಳೂ ಕೂಟಗಳೂ ಇದ್ದವು. ದೇಶಮುಖರ ಪಕ್ಷ ಒಂದು ಬಾರಿಯೂ ಸ್ವಂತ ಬಲದಿಂದ ಸರ್ಕಾರ ರಚಿಸಲಿಲ್ಲ. 1978ರಲ್ಲಿ ಶರದ್ ಪವಾರರ ಪುರೋಗಾಮಿ ಲೋಕಶಾಹಿ ದಳದ ಸರ್ಕಾರದಲ್ಲಿ ಮತ್ತು 1999ರಲ್ಲಿ ವಿಲಾಸರಾವ್ ದೇಶಮುಖರ ಸರ್ಕಾರದಲ್ಲಿ ಅವರು ಸಚಿವರಾಗಿದ್ದ ಕೆಲವು ವರ್ಷಗಳನ್ನು ಬಿಟ್ಟರೆ, ಐದು ದಶಕಗಳ ಶಾಸಕ ಜೀವನದ ಬಹುಭಾಗ ವಿರೋಧ ಪಕ್ಷದ ಬೆಂಚುಗಳಲ್ಲಿಯೇ ಕಳೆಯಿತು. ಕೊಡಲು ಅಧಿಕಾರವಿಲ್ಲದ ಶಾಸಕನನ್ನು ಒಂದು ತಾಲ್ಲೂಕು ಇಷ್ಟು ಕಾಲ ಉಳಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮುಂಬಯಿಯ ಸದನವನ್ನು ಬಿಟ್ಟು, ವಾಡಿ ವಸ್ತಿಗಳೆಂದು ಕರೆಯುವ ಹೊಲಮನೆಗಳ ಚದುರಿದ ಗುಂಪುಗಳತ್ತ ಹೋಗಬೇಕು.

1972ರ ಸೋಲು ಆ ಉತ್ತರದ ಒಂದು ಭಾಗವನ್ನು ತೋರುವ ಸಂದರ್ಭ. ಆ ವರ್ಷದ ಆರಂಭದಲ್ಲಿ ದೇಶಮುಖರು ಸೋತರು, ಮುಂಗಾರು ಕೈಕೊಟ್ಟು ಮಹಾರಾಷ್ಟ್ರದ ನೆನಪಿನಲ್ಲೇ ಅತ್ಯಂತ ಭೀಕರವಾದ ಬರ ಬಂತು, 1974ರ ಉಪಚುನಾವಣೆಯಲ್ಲಿ ಅವರು ಮತ್ತೆ ಗೆದ್ದರು. ಎಂದರೆ ಬರದ ಅತ್ಯಂತ ಕಠಿಣ ಕಾಲದಲ್ಲಿ ಅವರಿಗೆ ಶಾಸಕ ಸ್ಥಾನ ಇರಲಿಲ್ಲ, ಪಕ್ಷಕ್ಕೆ ಉಳಿದಿದ್ದುದು ಬೀದಿಯ ಕೆಲಸವೊಂದೇ. ಆ ವರ್ಷಗಳಲ್ಲಿ ಮಹಾರಾಷ್ಟ್ರದ ಎಡಪಕ್ಷಗಳೆಲ್ಲವೂ, ಶೇಕಾಪ, ಲಾಲ್ ನಿಶಾನ್, ಕಮ್ಯುನಿಸ್ಟರು, ಸಮಾಜವಾದಿಗಳು, ಬರಪರಿಹಾರದ ಕಾಮಗಾರಿಗಳಿಗಾಗಿ ಮತ್ತು ಕೂಲಿಗಾಗಿ ಮೋರ್ಚಾಗಳನ್ನು ಕಟ್ಟಿದವು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಸ. ಪಾಗೆ ಅವರು ರೂಪಿಸಿದ್ದ ರೋಜಗಾರ ಹಮಿ ಯೋಜನೆ, ಅಂದರೆ ಉದ್ಯೋಗ ಖಾತರಿ ಯೋಜನೆ, ಈ ಒತ್ತಡದಲ್ಲಿ ರಾಜ್ಯದಾದ್ಯಂತ ಬೆಳೆಯಿತು. 1977ರಲ್ಲಿ ಕಾನೂನಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ಅದರ ವೆಚ್ಚಕ್ಕಾಗಿ ನಗರದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಲಾಯಿತು. ಇಂದು ದೇಶಕ್ಕೆಲ್ಲ ಪರಿಚಿತವಾಗಿರುವ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ ಮಾದರಿಯಾದದ್ದು ಇದೇ ಯೋಜನೆ.

ಈ ಕಾನೂನು ಹಳ್ಳಿಯ ಕಾರ್ಯಕರ್ತನಿಗೆ ಏನನ್ನು ಕೊಟ್ಟಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಕೆಲಸ ಬೇಡುವುದು ಈಗ ಕೃಪೆಯ ಮಾತಾಗಿ ಉಳಿಯದೆ ಹಕ್ಕಾಯಿತು, ಆದರೆ ಹಕ್ಕು ತಾನಾಗಿ ಚಲಾವಣೆಯಾಗುವುದಿಲ್ಲ. ಹೊಸ ಕಾಮಗಾರಿಯೊಂದನ್ನು ತೆರೆಯಬೇಕಾದರೆ ಕನಿಷ್ಠ 50 ಮಂದಿ ಕೂಲಿಕಾರರು ಕೆಲಸ ಬೇಕೆಂದು ಬರೆದುಕೊಡಬೇಕಿತ್ತು. ಬರೆದುಕೊಟ್ಟ 15 ದಿನಗಳೊಳಗೆ ಸರ್ಕಾರ ಕೆಲಸ ಕೊಡಬೇಕಿತ್ತು. ಓದು ಬಾರದ ಹೆಂಗಸರು ಗಂಡಸರು ಮೈಲುಗಟ್ಟಲೆ ಚದುರಿಕೊಂಡಿದ್ದ ತಾಲ್ಲೂಕಿನಲ್ಲಿ ಆ 50 ಹೆಸರುಗಳನ್ನು ಕೂಡಿಸುವುದು, ಪ್ರತಿ ಹೆಸರಿನ ಎದುರು ಹೆಬ್ಬೆಟ್ಟು ಒತ್ತಿಸುವುದು, ಅರ್ಜಿಯನ್ನು ತಹಸೀಲ್ದಾರರ ಮೇಜಿನ ಮೇಲಿಟ್ಟು ದಿನಾಂಕದ ಮುದ್ರೆಯಿರುವ ಪ್ರತಿಯನ್ನು ಕೇಳಿ ಪಡೆಯುವುದು ಎಂದರೆ ದಿನಗಟ್ಟಲೆ ನಡೆದಾಡುವ ಕೆಲಸ. ಕಾಮಗಾರಿ ತೆರೆದ ಮೇಲೆ, ಅದು ಇಂಗುಕೆರೆಯಾಗಿರಲಿ, ಹಳ್ಳಕ್ಕೆ ಕಟ್ಟುವ ಒಡ್ಡಾಗಿರಲಿ, ರಸ್ತೆಗೆ ಜಲ್ಲಿ ಒಡೆಯುವುದಾಗಿರಲಿ, ಅಳತೆ ಸರಿಯಾಗಿ ಹಿಡಿದಿದ್ದಾರೆಯೇ, ‘ಮಸ್ಟರ್’ ಎಂದು ಎಲ್ಲರೂ ಕರೆಯುವ ಹಾಜರಿ ಪಟ್ಟಿಯಲ್ಲಿ ಇಲ್ಲದವರ ಹೆಸರು ಸೇರಿದೆಯೇ, ವಾರದ ಪಗಾರ ವಾರಕ್ಕೇ ಬಂತೇ ಎಂದು ನೋಡುವ ಕೆಲಸ ಬೇರೆ. ಇದನ್ನು ಮಾಡುವಾತನೇ ಸಾಂಗೋಲೆಯ ಅರ್ಥದಲ್ಲಿ ಕಾರ್ಯಕರ್ತ. ಅವನ ಹಿಂದೆ ಕಾನೂನು ಬಲ್ಲ ಶಾಸಕ, ಆ ಶಾಸಕನ ಹಿಂದೆ ಅರ್ಜಿ ಹಿಡಿದ ಇಂಥ ನೂರಾರು ಜನ: ಈ ಜೋಡಣೆ ತಾಲ್ಲೂಕಿನಲ್ಲಿ ಪಕ್ಷವನ್ನು ಅರ್ಧ ಶತಮಾನ ನಡೆಸಿತು. ಮನೆಯ ರೊಟ್ಟಿ ಕಟ್ಟಿಕೊಂಡು ಸಭೆಗೆ ಬರುವುದು, ಚುನಾವಣೆಯ ಖರ್ಚಿಗೆ ವಂತಿಗೆ ಎತ್ತುವುದು ಇಲ್ಲಿನ ರೂಢಿಯಾಗಿತ್ತು. ಶಾಸಕರೂ ಮುಂಬಯಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ ಶಾಸಕರ ಭವನದ ಕೊಠಡಿಯಲ್ಲಿ ಉಳಿಯುತ್ತಿದ್ದರು. ಇಂಥ ಸರಳತೆಯನ್ನು ವ್ಯಕ್ತಿಯ ಗುಣವೆಂದು ಕೊಂಡಾಡುವುದು ಸುಲಭ; ಕೂಲಿಕಾರರ ವಂತಿಗೆಯಿಂದ ನಡೆಯುವ ಸಂಘಟನೆಯೊಂದರಲ್ಲಿ ಅದು ಲೆಕ್ಕಪತ್ರದಷ್ಟೇ ಅಗತ್ಯವಾದ ಶಿಸ್ತೂ ಆಗಿತ್ತು ಎಂಬುದನ್ನು ಜೊತೆಗೇ ಹೇಳಬೇಕು.

ಕೂಲಿಯ ನಂತರದ ಪ್ರಶ್ನೆ ನೀರಿನದು. ಕೃಷ್ಣಾ ಕೊಳ್ಳದ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ., ಅಂದರೆ ಸಾವಿರ ದಶಲಕ್ಷ ಘನ ಅಡಿಗಳ ಲೆಕ್ಕದಲ್ಲಿ, ನೀರನ್ನು ಗೊತ್ತುಮಾಡಿತು. ತನ್ನ ಪಾಲನ್ನು ಬಳಸಿಕೊಳ್ಳುವ ಧಾವಂತದಲ್ಲಿ ಮಹಾರಾಷ್ಟ್ರ ಸರ್ಕಾರ 1996ರಲ್ಲಿ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಇದೇ ಅವಧಿಯಲ್ಲಿ ಕರ್ನಾಟಕ ಆಲಮಟ್ಟಿಯಲ್ಲಿ ತೊಡಗಿದ್ದುದನ್ನು ಕನ್ನಡಿಗರು ಬಲ್ಲರು. ಆದರೆ ರಾಜ್ಯದ ಪಾಲು ಎಷ್ಟೆಂದು ತೀರ್ಮಾನವಾದ ಮಾತ್ರಕ್ಕೆ ಆ ಪಾಲಿನೊಳಗೆ ಮಾಣದೇಶಕ್ಕೆ ಎಷ್ಟೆಂಬುದು ತೀರ್ಮಾನವಾಗುವುದಿಲ್ಲ. ಕಬ್ಬಿನ ಪಟ್ಟಿಯ ತಾಲ್ಲೂಕುಗಳು ನದಿಗೆ ಹತ್ತಿರ, ಅಧಿಕಾರಕ್ಕೂ ಹತ್ತಿರ. ಸ್ವಾತಂತ್ರ್ಯ ಚಳವಳಿಯಲ್ಲಿ ಸಾತಾರಾದ ‘ಪ್ರತಿಸರ್ಕಾರ’ದ ಯೋಧರಾಗಿದ್ದ ನಾಗನಾಥ ಅಣ್ಣಾ ನಾಯಕವಾಡಿಯವರು 1993ರಲ್ಲಿ ಆಟಪಾಡಿಯಲ್ಲಿ ನೀರಿನ ಪರಿಷತ್ತನ್ನು ಕರೆದು, ಮೂರು ಜಿಲ್ಲೆಗಳ 13 ಬರಪೀಡಿತ ತಾಲ್ಲೂಕುಗಳನ್ನು ಒಂದು ಹೋರಾಟದಲ್ಲಿ ಕೂಡಿಸಿದಾಗ, ಅದರ ಆಧಾರಸ್ತಂಭಗಳಲ್ಲಿ ಒಬ್ಬರಾದವರು ದೇಶಮುಖರು, ಶ್ರಮಿಕ ಮುಕ್ತಿ ದಳದ ಭಾರತ್ ಪಾಟಣಕರ್ ಅವರೂ ಜೊತೆಗಿದ್ದರು. ಆ ಪರಿಷತ್ತಿನ ಬೇಡಿಕೆಯನ್ನು ಅಲ್ಲಿನವರು ‘ಸಮನ್ಯಾಯಿ ಪಾಣಿ ವಾಟಪ’ ಎಂದು ಕರೆದರು. ಜಮೀನಿನ ವಿಸ್ತೀರ್ಣ ಎಷ್ಟೇ ಇರಲಿ, ಜಮೀನು ಇಲ್ಲದೆಯೇ ಇರಲಿ, ಪ್ರತಿ ಕುಟುಂಬಕ್ಕೂ ಬದುಕಲು ಬೇಕಾದಷ್ಟು ನೀರಿನ ಪಾಲು ಸಮನಾಗಿ ಸಿಗಬೇಕು ಎಂಬುದು ಅದರ ತಾತ್ಪರ್ಯ. ಕರಾಡದ ಬಳಿ ಕೃಷ್ಣೆಯಿಂದ ನೀರನ್ನೆತ್ತುವ ಟೆಂಭೂ ಯೋಜನೆಯೂ ಮಿರಜದ ಬಳಿಯ ಮ್ಹೈಸಾಳ ಯೋಜನೆಯೂ ಹಂತಹಂತವಾಗಿ ಏತಗಳ ಮೂಲಕ ಒಣ ತಾಲ್ಲೂಕುಗಳ ಕಡೆಗೆ ನೀರನ್ನು ತಂದದ್ದರ ಹಿಂದೆ ಈ ಚಳವಳಿಯ ಎರಡು ದಶಕಗಳಿಗೂ ಮೀರಿದ ಒತ್ತಡವಿದೆ. ಕಟ್ಟಡದ ಶಿಲಾಫಲಕಗಳಲ್ಲಿ ಮಂತ್ರಿಗಳ ಹೆಸರುಗಳಿರುತ್ತವೆ. ಪರಿಷತ್ತಿನ ನೆಲದ ಮೇಲೆ ಕುಳಿತವರ ಹೆಸರುಗಳನ್ನು ಬರೆದಿಡುವ ಕೆಲಸ ಇನ್ನೂ ಆಗಬೇಕಾಗಿದೆ.

ಸಹಕಾರಿ ನೂಲಿನ ಗಿರಣಿಯನ್ನೂ ಇಲ್ಲಿ ಹೆಸರಿಸಬೇಕು. ಮಹಾರಾಷ್ಟ್ರದ ಉದ್ದಗಲಕ್ಕೂ ಇಂಥ ಗಿರಣಿಗಳು ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದ ಕಾಲದಲ್ಲಿ, ದೇಶಮುಖರ ಮುಂದಾಳತ್ವದಲ್ಲಿ ಬೆಳೆದ ಸಾಂಗೋಲೆಯ ಶೇತಕರಿ ಸಹಕಾರಿ ಸೂತಗಿರಣಿ ಕಟ್ಟುನಿಟ್ಟಿನ ಆಡಳಿತಕ್ಕೆ ಹೆಸರಾಯಿತು. ಇನ್ನು ದಾಳಿಂಬೆ: ಉದ್ಯೋಗ ಖಾತರಿ ಯೋಜನೆಗೆ 1990ರ ಸುಮಾರಿಗೆ ತೋಟಗಾರಿಕೆಯನ್ನು ಜೋಡಿಸಿ, ಬಡ ರೈತನ ಸ್ವಂತ ಹೊಲದಲ್ಲೇ ಗುಂಡಿ ತೋಡಿ ಗಿಡ ನೆಡುವುದಕ್ಕೂ ಕೂಲಿ ಕೊಡುವ ವ್ಯವಸ್ಥೆ ಬಂದಾಗ ಈ ಗರಸು ಭೂಮಿಯ ಹಣೆಬರಹ ಬದಲಾಯಿತು. ನೀರು ತಡೆಹಿಡಿದು ಗಿಡವನ್ನು ಬಾಡಿಸಿ, ಎಲೆ ಉದುರಿದ ಮೇಲೆ ನೀರು ಬಿಟ್ಟು ಒಮ್ಮೆಲೇ ಹೂ ತರಿಸುವ ‘ಬಹಾರ್’ ಪದ್ಧತಿ ನೀರಿಲ್ಲದ ನಾಡಿಗೆ ಹೇಳಿ ಮಾಡಿಸಿದಂತಿತ್ತು. 2016ರಲ್ಲಿ ಸೊಲ್ಲಾಪುರದ ದಾಳಿಂಬೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು. 2020ರ ಡಿಸೆಂಬರ್ 28ರಂದು ದೇಶದ ನೂರನೆಯ ಕಿಸಾನ್ ರೈಲು ಹೊರಟದ್ದು ಸಾಂಗೋಲೆಯಿಂದಲೇ, ಪಶ್ಚಿಮ ಬಂಗಾಳದ ಶಾಲಿಮಾರಿಗೆ. ಅದೇ ಭಗ್ವಾ ತಳಿಯನ್ನು ನೆಟ್ಟು ಅದೇ ದುಂಡಾಣು ಅಂಗಮಾರಿಯ ಕಾಟಕ್ಕೆ ತುತ್ತಾದ ವಿಜಯಪುರ, ಬಾಗಲಕೋಟೆಗಳ ಬೆಳೆಗಾರರಿಗೆ ಈ ಏಳುಬೀಳು ಹೊಸದಲ್ಲ. ಪಕ್ಷದ ಚರಿತ್ರೆಗೆ ಇದರ ಸಂಬಂಧ ಇಷ್ಟು: ಕೂಲಿಯ ಅರ್ಜಿ ಬರೆಸಿಕೊಂಡವರ ಮಕ್ಕಳು ತೋಟದ ಮಾಲೀಕರಾದರು, ಅವರಿಗೆ ಬೇಕಾದದ್ದು ಹಾಜರಿ ಪಟ್ಟಿಯ ಕಾವಲಾಗಿರದೆ ಮಾರುಕಟ್ಟೆ, ಸಾಲ, ವಿದ್ಯುತ್ತು ಆಗಿತ್ತು. ಹಳೆಯ ಕಾರ್ಯಕರ್ತನ ಕಲಿಕೆ ಈ ಹೊಸ ಬೇಡಿಕೆಗಳಿಗೆ ಪೂರ್ತಿ ಸಾಲುತ್ತಿರಲಿಲ್ಲ. ಪಕ್ಷದ ಕೆಲಸದ ಯಶಸ್ಸೇ ಅದರ ನೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿತು.

1995ರಲ್ಲಿ ಈ ಬದಲಾವಣೆಯ ಮೊದಲ ಸೂಚನೆ ಸಿಕ್ಕಿತು. ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಯುವ ಅಭ್ಯರ್ಥಿ ಶಹಾಜಿಬಾಪೂ ಪಾಟೀಲರ ಎದುರು ದೇಶಮುಖರು ಕೇವಲ 192 ಮತಗಳಿಂದ ಸೋತರು. ಸೋತ ಮೇಲೂ ಅವರು ಊರು ಬಿಡಲಿಲ್ಲ, ಪಕ್ಷ ಬಿಡಲಿಲ್ಲ. 1999ರಲ್ಲಿ ಮರಳಿ ಬಂದರು. ಮೊದಲಿನ ಸೋಲಿನ ಬಳಿಕವೂ ಹೀಗೆಯೇ ಆಗಿತ್ತು. ಎರಡು ಬಾರಿ ಸೋತು ಎರಡೂ ಬಾರಿ ತಿರುಗಿ ಬಂದ ನಾಯಕ ಮತ್ತೊಮ್ಮೆಯೂ ಬರುತ್ತಾನೆ ಎಂಬ ನಂಬಿಕೆ ಕಾರ್ಯಕರ್ತರಲ್ಲಿ ಬೇರೂರಿದ್ದು ಸಹಜ. ಆದರೆ ಈ ನಂಬಿಕೆಯೇ, ಅವರ ನಂತರ ಯಾರು ಎಂಬ ಪ್ರಶ್ನೆಯನ್ನು ಪಕ್ಷದ ಸಭೆಗಳಲ್ಲಿ ಎತ್ತದಂತೆ ತಡೆಯಿತು. ಹಾಗೆ ಎತ್ತುವುದು ಹಿರಿಯರಿಗೆ ತೋರುವ ಅಗೌರವವೆಂದು ಭಾವಿಸುವ ನಾಡು ಇದು.

ರಾಜ್ಯದ ಮಟ್ಟದಲ್ಲಿ ಪಕ್ಷ ಆ ವೇಳೆಗೆ ಬಹಳ ಕುಗ್ಗಿತ್ತು. 1978ರಲ್ಲಿ 13 ಶಾಸಕರಿದ್ದುದು 1999ರಲ್ಲಿ ಐದು, 2014ರಲ್ಲಿ ಮೂರು. ಅದರ ಹಳೆಯ ನೆಲೆಗಳನ್ನು ನೋಡಿದರೆ ಪ್ರತಿಯೊಂದೂ ಒಬ್ಬ ವ್ಯಕ್ತಿಯ ಅಥವಾ ಒಂದು ಮನೆತನದ ಹೆಸರಿಗೆ ಅಂಟಿಕೊಂಡಿತ್ತು: ಕಂಧಾರದಲ್ಲಿ ಕೇಶವರಾವ್ ಧೋಂಡಗೆ, ಉಸ್ಮಾನಾಬಾದಿನಲ್ಲಿ ಉದ್ಧವರಾವ್ ಪಾಟೀಲ, ರಾಯಗಡ ಜಿಲ್ಲೆಯ ಅಲಿಬಾಗಿನಲ್ಲಿ ಪಾಟೀಲ ಮನೆತನ, ಸಾಂಗೋಲೆಯಲ್ಲಿ ದೇಶಮುಖರು. ದಾಭಾಡಿಯ ದಸ್ತಾವೇಜು ವರ್ಗದ ಬಗ್ಗೆ, ಸಂಘಟನೆಯ ಬಗ್ಗೆ ಮಾತಾಡಿತ್ತು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಅದು ಕಟ್ಟಿದ್ದು ಗೌರವಾನ್ವಿತ ವ್ಯಕ್ತಿಗಳ ಒಂದು ಒಕ್ಕೂಟವನ್ನು. ಇದನ್ನು ಕಟುವಾಗಿ ಹೇಳಬೇಕಾಗಿಲ್ಲ, ಏಕೆಂದರೆ ಕಾಂಗ್ರೆಸ್ಸಿನ ಸಕ್ಕರೆ ಕಾರ್ಖಾನೆಗಳ ರಾಜಕಾರಣದ ಎದುರು ಬದುಕಿ ಉಳಿಯಲು ವ್ಯಕ್ತಿಯ ಸಚ್ಚಾರಿತ್ರ್ಯವೊಂದೇ ಅನೇಕ ಕಡೆ ಇದ್ದ ಬಂಡವಾಳ. ಆದರೆ ಚಾರಿತ್ರ್ಯವನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬಾರದು.

ಈ ಹಿನ್ನೆಲೆಯಲ್ಲಿ 2019ರ ಘಟನೆಗಳು ಅರ್ಥವಾಗುತ್ತವೆ. 2014ರಲ್ಲಿ 88ರ ವಯಸ್ಸಿನಲ್ಲಿ ದೇಶಮುಖರು 25 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದುದರಿಂದ, ಅವರು ಹಿಂದೆ ಸರಿಯುವುದಕ್ಕೆ ರಾಜಕೀಯ ಕಾರಣಗಳೇನೂ ಕಾರ್ಯಕರ್ತರಿಗೆ ಕಾಣಲಿಲ್ಲ. ಸಭೆಗಳಲ್ಲಿ ಹರಿದ ಕಣ್ಣೀರನ್ನು ವ್ಯಕ್ತಿಪೂಜೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಅರ್ಜಿ ಹಿಡಿದು ತಹಸೀಲ್ದಾರರ ಬಾಗಿಲಲ್ಲಿ ನಿಂತ ಮನುಷ್ಯನಿಗೆ ಆಬಾಸಾಹೇಬರ ಹೆಸರು ಒಂದು ರುಜುವಿನಷ್ಟು ಬೆಲೆ ಬಾಳುತ್ತಿತ್ತು. ಆ ಹೆಸರು ಮತಪತ್ರದಿಂದ ಮರೆಯಾದರೆ ನಾಳೆ ತನ್ನ ಮಾತನ್ನು ಯಾವ ಕಚೇರಿ ಕೇಳೀತು ಎಂಬ ಭಯ ಆ ಕಣ್ಣೀರಿನಲ್ಲಿ ಬೆರೆತಿತ್ತು.

ಮೊದಲು ಪಕ್ಷದಿಂದ ಘೋಷಿತವಾದದ್ದು ಉದ್ಯಮ ಕ್ಷೇತ್ರದ ಹಿನ್ನೆಲೆಯ ಮುಖಂಡರೊಬ್ಬರ ಹೆಸರು. ಇಂದಿನ ಚುನಾವಣೆಯ ಖರ್ಚನ್ನು ಬಲ್ಲವರಿಗೆ ಈ ಆಯ್ಕೆಯ ತರ್ಕ ತಿಳಿಯದೇ ಇರದು. ಆದರೆ ವಂತಿಗೆಯ ಮೇಲೆ ಬದುಕಿದ ಸಂಘಟನೆಯಲ್ಲಿ ಹಣವಂತ ಅಭ್ಯರ್ಥಿ ಎಂದರೆ ಕಾರ್ಯಕರ್ತನ ಅಗತ್ಯವೇ ಇಲ್ಲದಂತಾಗುವುದು ಎಂಬ ಶಂಕೆ ಹುಟ್ಟಿತು. ಅಸಮಾಧಾನ ಎಷ್ಟು ಬಲವಾಗಿತ್ತೆಂದರೆ ಪಕ್ಷ ಘೋಷಿತ ಹೆಸರನ್ನು ಹಿಂತೆಗೆದುಕೊಂಡು, ದೇಶಮುಖರ ಮೊಮ್ಮಗ ಡಾ. ಅನಿಕೇತ ದೇಶಮುಖರನ್ನು ಕಣಕ್ಕಿಳಿಸಿತು. ಮೇಲ್ನೋಟಕ್ಕೆ ಇದು ಭಾರತದ ಎಲ್ಲ ಕಡೆ ಕಾಣುವ ವಂಶಪಾರಂಪರ್ಯವೇ. ಆದರೆ ಇಲ್ಲಿ ಒತ್ತಾಯ ಬಂದದ್ದು ಕೆಳಗಿನಿಂದ, ಹಿರಿಯರು ಕುಟುಂಬವನ್ನು ಮುಂದೆ ತಳ್ಳಲಿಲ್ಲ. ಇದಕ್ಕೆ ಸಂಘಟನೆಯ ಒಳಗಿನ ರಚನೆಯಲ್ಲೇ ಕಾರಣ ಹುಡುಕಬೇಕು. ಹತ್ತಾರು ಹಳ್ಳಿಗಳಲ್ಲಿ ಸಮಾನ ಹಿರಿತನದ, ಸಮಾನ ತ್ಯಾಗದ ಕಾರ್ಯಕರ್ತರಿದ್ದರು; ಅವರಲ್ಲಿ ಒಬ್ಬನನ್ನು ಆರಿಸಿದರೆ ಉಳಿದ ಹಳ್ಳಿಗಳಿಗೆ ವಿವರಣೆ ಕೊಡಬೇಕಾಗುತ್ತಿತ್ತು, ಆ ಆಯ್ಕೆಗೆ ಬೇಕಾದ ನಿಯಮವಾಗಲಿ ಪದ್ಧತಿಯಾಗಲಿ 57 ವರ್ಷಗಳಲ್ಲಿ ಬೆಳೆದಿರಲಿಲ್ಲ. ಯಾವ ಹಳ್ಳಿಯೂ ತಕರಾರು ತೆಗೆಯಲಾರದ ಹೆಸರು ಒಂದೇ ಇತ್ತು. ಸಮಾನತೆಯ ತತ್ವವನ್ನು ನಂಬಿದ ಸಂಘಟನೆಯೊಂದು ತನ್ನೊಳಗಿನ ಸಮಾನರ ನಡುವೆ ಆಯ್ಕೆ ಮಾಡಲಾರದೆ ರಕ್ತಸಂಬಂಧವನ್ನು ಆಶ್ರಯಿಸಿದ್ದು ಶೇಕಾಪದ ಚರಿತ್ರೆಯ ಅತ್ಯಂತ ನೋವಿನ ಸಂಗತಿಗಳಲ್ಲಿ ಒಂದು. ಅದರ ಹೊಣೆಯನ್ನು ಕಾರ್ಯಕರ್ತರ ಮೇಲೆ ಹೊರಿಸುವುದು ಸರಿಯಲ್ಲ. ಎರಡನೆಯ ಸಾಲನ್ನು ಬೆಳೆಸುವುದು ನಾಯಕತ್ವದ ಕೆಲಸವಾಗಿತ್ತು, ಆ ಕೆಲಸ ಆಗಿರಲಿಲ್ಲ. ಎಷ್ಟೇ ದೊಡ್ಡವರಾಗಿದ್ದರೂ ದೇಶಮುಖರ ಲೆಕ್ಕದಲ್ಲಿ ಈ ಬಾಕಿಯನ್ನು ಬರೆಯಲೇಬೇಕಾಗುತ್ತದೆ.

2019ರ ಅಕ್ಟೋಬರಿನಲ್ಲಿ ಎದುರಾಳಿಯಾಗಿದ್ದವರು ಅದೇ ಶಹಾಜಿಬಾಪೂ ಪಾಟೀಲರು, ಈ ಬಾರಿ ಶಿವಸೇನೆಯಿಂದ. ರಾಜಕೀಯಕ್ಕೆ ಹೊಸಬರಾದ ಅನಿಕೇತರು ಸೋತದ್ದು 768 ಮತಗಳಿಂದ. ಈ ಸಂಖ್ಯೆಯನ್ನು ಎರಡು ಬಗೆಯಲ್ಲಿ ಓದಬಹುದು. ಹಿರಿಯರೇ ನಿಂತಿದ್ದರೆ ಗೆಲ್ಲುತ್ತಿದ್ದರು ಎಂಬುದು ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಓದು. ಹಿರಿಯರಿಲ್ಲದೆ, ಅಭ್ಯರ್ಥಿ ಬದಲಾವಣೆಯ ಗೊಂದಲದ ನಡುವೆ, ರಾಜ್ಯದಲ್ಲಿ ಕೇವಲ ಒಂದು ಸ್ಥಾನ ಗೆದ್ದ ಪಕ್ಷವೊಂದು ಈ ಕ್ಷೇತ್ರದಲ್ಲಿ ಗೆಲುವಿಗೆ ಇಷ್ಟು ಸಮೀಪ ಬಂದದ್ದು ಸಂಘಟನೆ ಇನ್ನೂ ಜೀವಂತವಾಗಿದ್ದುದಕ್ಕೆ ಸಾಕ್ಷಿ ಎಂಬುದು ಇನ್ನೊಂದು ಓದು; ಮುಂದೆ ನಡೆದದ್ದನ್ನು ನೋಡಿದರೆ ಈ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ.

ಗಣಪತರಾವ್ ದೇಶಮುಖರು 2021ರ ಜುಲೈ 30ರಂದು ಸೊಲ್ಲಾಪುರದಲ್ಲಿ ತೀರಿಕೊಂಡರು. ಕೊರೊನಾದ ನಿರ್ಬಂಧಗಳ ದಿನಗಳಲ್ಲೂ ಸಾಂಗೋಲೆಯ ಅಂತ್ಯಯಾತ್ರೆಗೆ ಜನ ಸೇರಿದರು. 2023ರ ಆಗಸ್ಟ್ 13ರಂದು ಅವರ ಪ್ರತಿಮೆಯ ಅನಾವರಣಕ್ಕೆ ಶರದ್ ಪವಾರ್ ಮತ್ತು ದೇವೇಂದ್ರ ಫಡಣವೀಸ್ ಒಂದೇ ವೇದಿಕೆಗೆ ಬಂದರು. ಜೀವನದ ಬಹುಭಾಗ ಅಧಿಕಾರದ ಎದುರು ಕುಳಿತ ಶಾಸಕನಿಗೆ ಎರಡೂ ಪಾಳೆಯಗಳು ಸಲ್ಲಿಸಿದ ಗೌರವವದು. 2024ರ ವಿಧಾನಸಭಾ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಮೈತ್ರಿಕೂಟವಾದ ಮಹಾವಿಕಾಸ ಅಘಾಡಿಯ ಪಾಲುದಾರ ಪಕ್ಷವಾದ ಶಿವಸೇನೆ (ಉದ್ಧವ್ ಬಣ) ಸಾಂಗೋಲೆಯಲ್ಲಿ ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿದ್ದರಿಂದ ಶೇಕಾಪ ಒಬ್ಬಂಟಿಯಾಗಿ ಸೆಣಸಬೇಕಾಯಿತು. ಕುಟುಂಬದೊಳಗೇ ಇಬ್ಬರು ಆಕಾಂಕ್ಷಿಗಳಿದ್ದು, ಟಿಕೆಟ್ ಸಿಕ್ಕಿದ್ದು ಇನ್ನೊಬ್ಬ ಮೊಮ್ಮಗ ಡಾ. ಬಾಬಾಸಾಹೇಬ ದೇಶಮುಖರಿಗೆ. ತ್ರಿಕೋನ ಸ್ಪರ್ಧೆಯಲ್ಲಿ ಅವರು ಹಾಲಿ ಶಾಸಕರಾಗಿದ್ದ ಶಹಾಜಿಬಾಪೂ ಪಾಟೀಲರನ್ನು 25 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 288 ಸದಸ್ಯರ ಮಹಾರಾಷ್ಟ್ರ ವಿಧಾನಸಭೆಯಲ್ಲಿ ಶೇತಕರಿ ಕಾಮಗಾರ ಪಕ್ಷಕ್ಕೆ ಈಗ ಇರುವ ಏಕೈಕ ಸ್ಥಾನ ಸಾಂಗೋಲೆಯದು. ಮುಂದಿನ ಅಭ್ಯರ್ಥಿಯನ್ನು ಯಾರು, ಯಾವ ಕ್ರಮದಿಂದ ಆರಿಸಬೇಕು ಎಂಬ 2019ರ ಪ್ರಶ್ನೆಗೆ ಪಕ್ಷದ ಹಳ್ಳಿ ಶಾಖೆಗಳು ಇನ್ನೂ ಉತ್ತರ ಬರೆದುಕೊಳ್ಳಬೇಕಾಗಿದೆ.